‘ಉಪ್ಪು ಕಡಿಮೆ ಮಾಡಿ’ ಎಂದು ಬರೆದರೆ ಸಾಲದು, ಕೂತು ಕೇಳುವ ಡಾಕ್ಟರಿಗೂ ಒಂದು ಹುದ್ದೆ ಬೇಕು

ಮಾನ್ಯ ಸಂಪಾದಕರೇ,

ನಿಮ್ಮ ಓದುಗರ ಅಂಕಣದಲ್ಲಿ ಆಗಾಗ ಒಂದು ದೂರು ಕಾಣಿಸುತ್ತದೆ. ಈಗಿನ ಡಾಕ್ಟರುಗಳು ಮುಖ ನೋಡಿ ಮಾತಾಡುವುದಿಲ್ಲ, ಕೂತ ಕೂಡಲೇ ಟೆಸ್ಟ್ ಬರೆಯುತ್ತಾರೆ, ನಾವು ಹೇಳಿ ಮುಗಿಸುವ ಮೊದಲೇ ಮಾತ್ರೆಯ ಚೀಟಿ ರೆಡಿ ಇರುತ್ತದೆ ಅಂತ. ನಾನು ಆ ಡಾಕ್ಟರುಗಳ ಪೈಕಿಯೇ ಒಬ್ಬಳು. ದೂರು ನಿಜ. ಆದರೆ ಅದಕ್ಕೆ ಕಾರಣ ಡಾಕ್ಟರರ ಸೊಕ್ಕು ಅಂತ ಬರೆಯುವವರಿಗೆ ಒಂದು ಮಾತು ಹೇಳಬೇಕು. ರೋಗಿಯ ಜೊತೆ ಮಾತಾಡುವ ಕೆಲಸಕ್ಕೆ ನಮ್ಮಲ್ಲಿ ಸಂಬಳ ಇಲ್ಲ, ಹುದ್ದೆ ಇಲ್ಲ, ರಿಜಿಸ್ಟರ್‌ನಲ್ಲಿ ಒಂದು ಕಾಲಮ್ ಸಹ ಇಲ್ಲ.

ಎಂಬಿಬಿಎಸ್ ಮುಗಿಸಿ, ಒಂದು ವರ್ಷದ ಇಂಟರ್ನ್‌ಶಿಪ್ ಮುಗಿಸಿ, ಈಗ ಮಂಗಳೂರಿನ ಒಂದು ಖಾಸಗಿ ಆಸ್ಪತ್ರೆಯಲ್ಲಿ ಡ್ಯೂಟಿ ಡಾಕ್ಟರ್ ಆಗಿದ್ದೇನೆ. ಲೈಫ್‌ಸ್ಟೈಲ್ ಮೆಡಿಸಿನ್ ಕಡೆ ಹೋಗಬೇಕು ಅಂತ ಆಸೆ. ಇದನ್ನು ಹೇಳಿದಾಗ ಸಿಗುವ ಪ್ರತಿಕ್ರಿಯೆ ಮಜವಾಗಿರುತ್ತದೆ. ಒಂದು ಮದುವೆ ಮನೆಯಲ್ಲಿ ದೊಡ್ಡಮ್ಮ, ‘ಪಿಜಿ ಯಾವುದರಲ್ಲಿ ಮಾಡುವುದು?’ ಅಂತ ಕೇಳಿದರು. ಹೇಳಿದೆ. ‘ಅದೆಂತ ಮಾರಾಯ್ತಿ, ಜಿಮ್ ಹಾಕುವುದಾ?’ ಅಂದರು. ಪಕ್ಕದಲ್ಲಿದ್ದ ಮಾವ ಮಾತ್ರ ಗಂಭೀರವಾಗಿ, ‘ರೇಡಿಯಾಲಜಿ ನೋಡು, ಅದರಲ್ಲಿ ಜನರ ಕಿರಿಕಿರಿ ಇಲ್ಲ’ ಅಂತ ಸಲಹೆ ಕೊಟ್ಟರು. ನನಗೆ ಬೇಕಾದದ್ದೇ ಆ ಕಿರಿಕಿರಿ, ಅದನ್ನು ಬಾಳೆಎಲೆಯ ಮುಂದೆ ಕೂತು ವಿವರಿಸುವುದು ಹೇಗೆ?

ಇದೇನೂ ಜಿಮ್ ಅಲ್ಲ, ಸ್ಪಾ ಅಲ್ಲ. ಊಟ, ದೈಹಿಕ ಚಟುವಟಿಕೆ, ನಿದ್ರೆ, ಮಾನಸಿಕ ಒತ್ತಡ, ತಂಬಾಕು ಮತ್ತು ಮದ್ಯ, ಜನರ ಒಡನಾಟ. ಈ ಆರನ್ನು ಚಿಕಿತ್ಸೆಯಾಗಿ ಬಳಸುವುದು, ಮಾತ್ರೆಯಷ್ಟೇ ಲೆಕ್ಕಾಚಾರದಿಂದ ಬಳಸುವುದು. ಅಮೆರಿಕದಲ್ಲಿ ಇದಕ್ಕೆ 2004ರಲ್ಲೇ ಒಂದು ಕಾಲೇಜ್, ಅಂದರೆ ವೈದ್ಯರ ಸಂಘ, ಹುಟ್ಟಿಕೊಂಡಿತು. 2017ರಿಂದ ಬೋರ್ಡ್ ಪರೀಕ್ಷೆಯೂ, ಅಂದರೆ ಡಾಕ್ಟರುಗಳಿಗೆ ಈ ವಿಷಯದಲ್ಲಿ ಸರ್ಟಿಫಿಕೇಟ್ ಕೊಡುವ ಪರೀಕ್ಷೆಯೂ ನಡೆಯುತ್ತಿದೆ. ನಮ್ಮ ದೇಶದಲ್ಲೂ ಇಂಡಿಯನ್ ಸೊಸೈಟಿ ಆಫ್ ಲೈಫ್‌ಸ್ಟೈಲ್ ಮೆಡಿಸಿನ್ ಇದೆ, ಅಂತರರಾಷ್ಟ್ರೀಯ ಬೋರ್ಡಿನ ಪರೀಕ್ಷೆ ಬರೆದ ಡಾಕ್ಟರುಗಳೂ ಇದ್ದಾರೆ. ಆದರೆ ಸ್ನಾತಕೋತ್ತರ ಸೀಟಿಗೆ ನೀಟ್-ಪಿಜಿ ಪರೀಕ್ಷೆ ಬರೆದು ಕೌನ್ಸೆಲಿಂಗ್‌ಗೆ ಕೂತರೆ ಆ ಹೆಸರಿನ ಎಂಡಿ ಸೀಟು ಕಾಣಿಸುವುದಿಲ್ಲ. ಸೀಟು ಇಲ್ಲದ ಮೇಲೆ ಹುದ್ದೆ ಎಲ್ಲಿಂದ ಬರಬೇಕು?

ನನ್ನನ್ನು ಈ ಕಡೆ ತಿರುಗಿಸಿದ್ದು ಯಾವ ಪುಸ್ತಕವೂ ಅಲ್ಲ, ಒಣಮೀನು.

ವಾರ್ಡಿನಲ್ಲಿ ಒಬ್ಬರು ಹಿರಿಯರಿದ್ದರು, ಮೊದಲು ಬೋಟಿಗೆ ಹೋಗುತ್ತಿದ್ದವರು. ಹಾರ್ಟ್ ಫೇಲ್ಯೂರ್, ಅಂದರೆ ರಕ್ತ ಪಂಪ್ ಮಾಡುವ ಶಕ್ತಿ ಹೃದಯಕ್ಕೆ ಸಾಲದಾಗಿತ್ತು. ಕಾಲು ಬಾತುಕೊಂಡು, ಮಲಗಿದರೆ ಉಸಿರು ಸಿಗದೆ ಬರುವುದು, ಲ್ಯಾಸಿಕ್ಸ್ ಇಂಜೆಕ್ಷನ್ ಕೊಟ್ಟು ನೀರು ಇಳಿಸಿ ಕಳಿಸುವುದು, ಕೆಲವೇ ವಾರಕ್ಕೆ ಮತ್ತೆ ಬರುವುದು. ಡಿಸ್ಚಾರ್ಜ್ ಚೀಟಿಯಲ್ಲಿ ಪ್ರತಿ ಸಲವೂ ಇಂಗ್ಲಿಷಿನಲ್ಲಿ ‘ಲೋ ಸಾಲ್ಟ್ ಡಯಟ್’ ಅಂತ ಬರೆದಿರುತ್ತಿತ್ತು. ಮಾತ್ರೆ ಸರಿಯಾಗಿ ತೆಗೆದುಕೊಳ್ಳುತ್ತಿದ್ದರು, ಖಾಲಿ ಸ್ಟ್ರಿಪ್ ಕೂಡ ತಂದು ತೋರಿಸುತ್ತಿದ್ದರು. ಒಂದು ಮಧ್ಯಾಹ್ನ ವಾರ್ಡು ಸ್ವಲ್ಪ ತಣ್ಣಗಿತ್ತು. ಅವರ ಹೆಂಡತಿಯ ಹತ್ತಿರ ಸ್ಟೂಲ್ ಎಳೆದುಕೊಂಡು ಕೂತೆ.

‘ಸಾರಿಗೆ ಉಪ್ಪು ಹಾಕುವುದೇ ಇಲ್ಲ ಡಾಕ್ಟ್ರೇ, ಇವರಿಗೆ ಬೇರೆಯೇ ತೆಗೆದಿಡುವುದು’ ಅಂದರು.

‘ರಾತ್ರಿಗೆ ಎಂತ?’

‘ಗಂಜಿ.’

‘ಗಂಜಿಗೆ ಎಂತ ಸೇರಿಸಿಕೊಳ್ಳುವುದು?’

‘ಈ ಮಳೆಗೆ ಎಂತ ಉಂಟು? ಒಂದು ತುಂಡು ಒಣಮೀನು ಸುಟ್ಟದ್ದು, ಒಂದು ಮಿಡಿ ಉಪ್ಪಿನಕಾಯಿ. ಅಷ್ಟೇ.’

ಅಷ್ಟೇ! ಕರಾವಳಿಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ಮೀನುಗಾರಿಕೆಗೆ ರಜೆ. ತಾಜಾ ಬೂತಾಯಿ, ಬಂಗುಡೆಗೆ ಕೈ ಹಾಕುವ ಹಾಗಿರುವುದಿಲ್ಲ, ಅಷ್ಟು ರೇಟು. ಆಗ ಅಟ್ಟದಿಂದ ಇಳಿಯುವುದು ಒಣಮೀನು, ಒಣ ಸಿಗಡಿ ಚಟ್ನಿ, ಹಪ್ಪಳ, ಉಪ್ಪುಸೊಳೆ, ಭರಣಿಯಲ್ಲಿರುವ ಮಿಡಿ. ನಮ್ಮ ಮಳೆಗಾಲದ ರುಚಿಯೆಲ್ಲ ಉಪ್ಪಿನಲ್ಲೇ ಇರುವುದು, ಅಲ್ವಾ? ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು ದೊಡ್ಡವರಿಗೆ ದಿನಕ್ಕೆ 5 ಗ್ರಾಂಗಿಂತ ಕಡಿಮೆ ಉಪ್ಪು, ಹೆಚ್ಚುಕಡಿಮೆ ಒಂದು ಟೀ ಚಮಚ, ಎಲ್ಲಾ ಸೇರಿ. ಆ ಮನೆಯಲ್ಲಿ ಸಾರಿನಿಂದ ತೆಗೆದ ಉಪ್ಪು ಒಣಮೀನಿನ ದಾರಿಯಲ್ಲಿ ಬಡ್ಡಿ ಸಮೇತ ವಾಪಸು ಬರುತ್ತಿತ್ತು. ಆಸ್ಪತ್ರೆಯಲ್ಲಿ ಯಾರೂ ಸುಳ್ಳು ಹೇಳಿರಲಿಲ್ಲ. ‘ಉಪ್ಪು’ ಅಂದರೆ ಅವರಿಗೆ ಡಬ್ಬಿಯಿಂದ ಕೈಯಲ್ಲಿ ತೆಗೆದು ಹಾಕುವ ಉಪ್ಪು ಅಷ್ಟೇ, ಮೀನಿನೊಳಗೆ ಇರುವುದು ಲೆಕ್ಕಕ್ಕೇ ಬರುವುದಿಲ್ಲ.

ಆಮೇಲೆ ಇಬ್ಬರೂ ಕೂತು ಗಂಜಿಗೆ ಬೇರೆ ಏನು ಮಾಡಬಹುದು ಅಂತ ಪಟ್ಟಿ ಮಾಡಿದೆವು. ಜಾಸ್ತಿ ಐಡಿಯಾ ಅವರದ್ದೇ. ಹುರುಳಿ ಬೇಯಿಸಿ ಬೆಳ್ಳುಳ್ಳಿ ಒಗ್ಗರಣೆ, ಉಪ್ಪು ಕಡಿಮೆ ಹಾಕಿದ ತೆಂಗಿನಕಾಯಿ ಚಟ್ನಿಗೆ ಶುಂಠಿ, ಗಾಂಧಾರಿ ಮೆಣಸು, ಹುಳಿಗೆ ಪುನರ್ಪುಳಿ. ಒಣಮೀನು ತಿನ್ನಲೇಬೇಕು ಅನಿಸಿದ ದಿನ ನೀರಲ್ಲಿ ನೆನೆಹಾಕಿ, ಆ ನೀರು ಚೆಲ್ಲಿ, ಬೆರಳ ಗಾತ್ರದ ಒಂದು ತುಂಡು. ಆ ಮಳೆಗಾಲದಲ್ಲಿ ಆ ಹಿರಿಯರು ಮತ್ತೆ ನಮ್ಮಲ್ಲಿ ಅಡ್ಮಿಟ್ ಆಗಲಿಲ್ಲ. ಒಬ್ಬರ ಕತೆಯಿಂದ ಏನೂ ಸಾಬೀತಾಗುವುದಿಲ್ಲ, ಗೊತ್ತು. ಆದರೆ ಆ ದಿನ ನಾನು ಮಾಡಿದ ಕೆಲಸಕ್ಕೆ ಕೇಸ್ ಶೀಟಿನಲ್ಲಿ ಜಾಗ ಇರಲಿಲ್ಲ. ಇಂಜೆಕ್ಷನ್‌ಗೆ ಬಿಲ್ ಇದೆ, ಇಸಿಜಿಗೆ ಬಿಲ್ ಇದೆ. ಒಣಮೀನಿನ ವಿಚಾರಣೆಗೆ ಬಿಲ್ ಇಲ್ಲ.

ಒಬ್ಬರ ಕತೆ ಸಾಲದು ಅನ್ನುವವರಿಗೆ ಚೆನ್ನೈಯದ್ದು ಹೇಳುತ್ತೇನೆ. ಡಾ. ಎ. ರಾಮಚಂದ್ರನ್ ಅವರ ತಂಡ 2006ರಲ್ಲಿ ಪ್ರಕಟಿಸಿದ ಅಧ್ಯಯನ ಅದು. ಸಕ್ಕರೆ ಕಾಯಿಲೆಯ ಹೊಸ್ತಿಲಲ್ಲಿದ್ದ 531 ಜನರನ್ನು ತೆಗೆದುಕೊಂಡರು. ಮಾಮೂಲಿ ಸಲಹೆ ಸಿಕ್ಕಿದ ಗುಂಪಿನಲ್ಲಿ ಮೂರು ವರ್ಷದೊಳಗೆ ಶೇ. 55ರಷ್ಟು ಜನರಿಗೆ ಡಯಾಬಿಟಿಸ್ ಬಂತು. ಊಟ ಮತ್ತು ನಡಿಗೆಯ ಬಗ್ಗೆ ಬೆನ್ನು ಬಿಡದೆ ವಿಚಾರಿಸಿಕೊಂಡ ಗುಂಪಿನಲ್ಲಿ ಸುಮಾರು ಶೇ. 39. ಮೆಟ್‌ಫಾರ್ಮಿನ್ ಮಾತ್ರೆ ಕೊಟ್ಟ ಗುಂಪಿನಲ್ಲೂ ಸರಿಸುಮಾರು ಅಷ್ಟೇ. ಅಂದರೆ ಮಾತು ಮಾತ್ರೆಗೆ ಸಮಸಮ ನಿಂತಿತು, ಅದೂ ನಮ್ಮ ಹಾಗೆಯೇ ಅನ್ನ ತಿನ್ನುವ ಊರಿನಲ್ಲಿ. ಅದೇ ತಂಡ 2013ರಲ್ಲಿ ಇನ್ನೊಂದು ಪ್ರಯೋಗ ಪ್ರಕಟಿಸಿತು. ಹೊಸ್ತಿಲಲ್ಲಿದ್ದ ಗಂಡಸರಿಗೆ ಬರೀ ಮೊಬೈಲಿಗೆ ಮೆಸೇಜ್ ಕಳಿಸಿ ನೆನಪಿಸುತ್ತಾ ಇದ್ದರು, ಎರಡು ವರ್ಷ. ಮೆಸೇಜ್ ಹೋಗದ ಗಂಡಸರಲ್ಲಿ ಶೇ. 27 ಮಂದಿಗೆ ಡಯಾಬಿಟಿಸ್, ಮೆಸೇಜ್ ಹೋದವರಲ್ಲಿ ಶೇ. 18. ಗುಡ್ ಮಾರ್ನಿಂಗ್ ಗುಲಾಬಿ ಹೂವು ಕಳಿಸುವ ಮೊಬೈಲಿನಿಂದ ಇಷ್ಟು ಕೆಲಸ ಆಗುತ್ತದೆ ಅಂದರೆ ಕಡಿಮೆಯೇ?

ಇನ್ನು ನಮ್ಮ ದೇಶದ ಲೆಕ್ಕ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ಡಯಾಬಿಟಿಸ್ ಬಗ್ಗೆ ದೇಶಾದ್ಯಂತ ನಡೆಸಿದ ಇಂಡಿಯಾಬ್ ಸಮೀಕ್ಷೆ 2023ರಲ್ಲಿ ಹೇಳಿದ್ದು: 10 ಕೋಟಿಗೂ ಜಾಸ್ತಿ ಜನರಿಗೆ ಡಯಾಬಿಟಿಸ್, ಇನ್ನೂ 13.6 ಕೋಟಿ ಜನ ಹೊಸ್ತಿಲಲ್ಲಿ. ಈ 13.6 ಕೋಟಿ ಜನರ ಹತ್ತಿರ ಯಾರು ಮಾತಾಡುವುದು?

ಯಾರೂ ಮಾತಾಡದಿದ್ದರೆ ಏನಾಗುತ್ತದೆ ಗೊತ್ತಾ? ಜನ ತಾವೇ ಒಂದು ದಾರಿ ಮಾಡಿಕೊಳ್ಳುತ್ತಾರೆ. ಮಂಗಳೂರಿನಲ್ಲಿ ಶುಗರ್ ಬಂದ ಮರುದಿನವೇ ರಾತ್ರಿ ಅನ್ನ ನಿಲ್ಲುತ್ತದೆ, ಚಪಾತಿ ಶುರುವಾಗುತ್ತದೆ. ಒಂದಲ್ಲ, ನಾಲ್ಕು. ಜೊತೆಗೆ ಬಟಾಟೆ ಪಲ್ಯ. ಅದೇ ಇಂಡಿಯಾಬ್ ತಂಡ 2025ರಲ್ಲಿ ಊಟದ ಬಗ್ಗೆಯೇ ಒಂದು ವರದಿ ತಂದಿದೆ. ನಮ್ಮ ಕ್ಯಾಲೊರಿಯಲ್ಲಿ ಶೇ. 62ರಷ್ಟು ಬರುವುದು ಕಾರ್ಬೋಹೈಡ್ರೇಟಿನಿಂದ. ಅಕ್ಕಿಯ ಬದಲು ಗೋಧಿ ಹಿಟ್ಟೋ ರಾಗಿ ಹಿಟ್ಟೋ ತಂದುಕೊಂಡು, ಒಟ್ಟು ಪ್ರಮಾಣ ಅಷ್ಟೇ ಇಟ್ಟರೆ ಅಪಾಯ ಕಡಿಮೆ ಆಗುವುದಿಲ್ಲ. ಅದರಲ್ಲಿ ಸ್ವಲ್ಪ ಭಾಗ ತೆಗೆದು ಬೇಳೆಕಾಳು, ಹಾಲು ಮೊಸರಿನ ಪ್ರೋಟೀನ್ ಸೇರಿಸಿದರೆ ಅಪಾಯ ಇಳಿಯುತ್ತದೆ. ಕುಚ್ಚಲಕ್ಕಿ ಒಳ್ಳೆಯದು ಅಂತ ನಾವು ಹೆಮ್ಮೆಪಡುತ್ತೇವೆ, ಸರಿ, ಆದರೆ ತಟ್ಟೆ ತುಂಬ ಬಡಿಸಿಕೊಂಡರೆ ಅದೂ ಅನ್ನವೇ. ಹಾಗಂತ ನಮ್ಮ ಊಟ ಕೆಟ್ಟದ್ದೇನಲ್ಲ. ಬಸಳೆ, ಹರಿವೆ, ತೊಂಡೆಕಾಯಿಗೆ ಕಡಲೆ ಹಾಕಿದ ಪಲ್ಯ, ಹೆಸರುಕಾಳು ಗಸಿ, ಬೂತಾಯಿ ಪುಳಿಮುಂಚಿ, ಇವೆಲ್ಲ ಯಾವ ಡಯಟ್ ಪುಸ್ತಕಕ್ಕೂ ಕಡಿಮೆ ಇಲ್ಲ. ತಟ್ಟೆಯಲ್ಲಿ ಅವು ಮೂಲೆಯಲ್ಲಿ ಕೂತಿವೆ, ಅನ್ನ ನಡುವೆ ಕೂತಿದೆ. ಜಾಗ ಅದಲುಬದಲು ಆಗಬೇಕು ಅಷ್ಟೇ. ಗೋಳಿಬಜೆ, ಬನ್ಸ್ ವಿಷಯದಲ್ಲಿ ನಾನು ಸದ್ಯಕ್ಕೆ ಬಾಯಿ ಮುಚ್ಚಿಕೊಂಡಿರುತ್ತೇನೆ, ಊರಲ್ಲಿ ಇರಬೇಕಲ್ಲ.

ಕೆಲವು ಹಿರಿಯ ಡಾಕ್ಟರುಗಳು ನಗುತ್ತಾರೆ. ‘ಇದಕ್ಕೆ ಎಂಬಿಬಿಎಸ್ ಯಾಕಮ್ಮಾ, ಡಯಟೀಶಿಯನ್ ಸಾಕಲ್ಲ’ ಅಂತ. ಡಯಟೀಶಿಯನ್ ಬೇಕೇ ಬೇಕು, ಅವರಿಗಿಂತ ಚೆನ್ನಾಗಿ ಊಟದ ಬಗ್ಗೆ ನನಗೆ ಗೊತ್ತಿಲ್ಲ. ಆದರೆ ಡಾಕ್ಟರ್ ಯಾಕೆ ಬೇಕು ಅಂತಲೂ ಕೇಳಿ. ಶುಗರ್ ಇಳಿಸುವ ಗ್ಲಿಮಿಪಿರೈಡ್ ಮಾತ್ರೆ ತೆಗೆದುಕೊಳ್ಳುವವರು ಯಾರದ್ದೋ ಮಾತು ಕೇಳಿ ಏಕಾಏಕಿ ಅನ್ನ ಅರ್ಧ ಮಾಡಿದರೆ ಶುಗರ್ ಸರ್ರನೆ ಇಳಿದು ಬಸ್ಸಿನಲ್ಲೇ ತಲೆ ತಿರುಗಿ ಬೀಳಬಹುದು. ಇನ್ಸುಲಿನ್ ತೆಗೆದುಕೊಳ್ಳುವವರಿಗೂ ಹಾಗೇ. ಊಟ ಬದಲಾದಾಗ ಡೋಸ್ ಬದಲಾಗಬೇಕು. ‘ನಡೆಯಿರಿ’ ಅನ್ನುವ ಮೊದಲು ಪಾದ ನೋಡಬೇಕು. ಸ್ಪರ್ಶ ಕಳೆದುಕೊಂಡ ಪಾದಕ್ಕೆ ಬರಿಗಾಲಿನಲ್ಲಿ ಪಣಂಬೂರಿನ ಬಿಸಿ ಮರಳು ಸುಟ್ಟದ್ದೂ ಗೊತ್ತಾಗುವುದಿಲ್ಲ. ಕಣ್ಣಿನ ರೆಟಿನಾದಲ್ಲಿ ಹೊಸ ರಕ್ತನಾಳ ಬೆಳೆದವರಿಗೆ ಭಾರ ಎತ್ತುವ ವ್ಯಾಯಾಮ ಹೇಳಬಾರದು. ಸೋಡಿಯಂ ಕಡಿಮೆ ಇರುವ ಉಪ್ಪು ಅಂತ ಅಂಗಡಿಯಲ್ಲಿ ಸಿಗುವುದರಲ್ಲಿ ಪೊಟ್ಯಾಸಿಯಂ ಇರುತ್ತದೆ, ಕಿಡ್ನಿ ಸೋತವರಿಗೆ ಅದು ಅಪಾಯ. ಇದೆಲ್ಲ ಸುಮ್ನೆ ‘ಹೆಲ್ದಿ ಆಗಿ ತಿನ್ನಿ’ ಅನ್ನುವ ಮಾತಲ್ಲ.

ಮತ್ತೊಂದು ತುದಿಯಲ್ಲಿ ‘ಡಯಾಬಿಟಿಸ್ ಬುಡ ಸಮೇತ ಕಿತ್ತು ಹಾಕುತ್ತೇವೆ, ಇನ್ಸುಲಿನ್ ಬಿಸಾಡಿ’ ಅಂತ ಜಾಹೀರಾತು ಹಾಕುವವರಿದ್ದಾರೆ. ನನಗೆ ಇವರ ಮೇಲೆ ಇರುವಷ್ಟು ಸಿಟ್ಟು ಮಾತ್ರೆ ಕಂಪನಿಗಳ ಮೇಲೂ ಇಲ್ಲ. ಟೈಪ್ 1 ಡಯಾಬಿಟಿಸ್ ಇರುವ, ಅಂದರೆ ದೇಹದಲ್ಲಿ ಇನ್ಸುಲಿನ್ ತಯಾರಾಗದ ಮಗುವಿನ ಇನ್ಸುಲಿನ್ ನಿಲ್ಲಿಸಿದರೆ ಜೀವಕ್ಕೇ ಕುತ್ತು. ದೊಡ್ಡವರಲ್ಲಿ ಸಾಮಾನ್ಯವಾಗಿ ಕಾಣುವ ಟೈಪ್ 2ರಲ್ಲಿ ಕೆಲವರಿಗೆ ಮಾತ್ರೆಯಿಲ್ಲದೆ ಶುಗರ್ ಹತೋಟಿಗೆ ಬರುವುದು ನಿಜ. ಬ್ರಿಟನ್ನಿನ ಡೈರೆಕ್ಟ್ ಎಂಬ ಅಧ್ಯಯನದಲ್ಲಿ ತೂಕ ಇಳಿಸುವ ಗುಂಪಿನ ಶೇ. 46 ಮಂದಿಗೆ ಒಂದು ವರ್ಷದ ಕೊನೆಗೆ ಹಾಗಾಯಿತು. ಆದರೆ ಅವರೆಲ್ಲ ಕಾಯಿಲೆ ಬಂದು 6 ವರ್ಷದೊಳಗಿನವರು, ಇನ್ಸುಲಿನ್ ಇಲ್ಲದವರು, ಮೊದಲ ಕೆಲವು ತಿಂಗಳು ದಿನಕ್ಕೆ ಸುಮಾರು 850 ಕ್ಯಾಲೊರಿಯಲ್ಲಿ ಇದ್ದವರು, ಅದೂ ಡಾಕ್ಟರ್, ನರ್ಸ್ ಕಣ್ಣಿನ ಕೆಳಗೆ. ಜಾಹೀರಾತಿನಲ್ಲಿ ಈ ಸಾಲುಗಳು ಇರುವುದಿಲ್ಲ ನೋಡಿ.

ನಡೆಯಿರಿ ಅನ್ನುವುದೂ ನಮ್ಮೂರಲ್ಲಿ ಸುಲಭದ ಮಾತಲ್ಲ. ಕದ್ರಿ ಪಾರ್ಕ್ ಹತ್ತಿರ ಇರುವವರು, ಉಡುಪಿಯಲ್ಲಿ ಅಜ್ಜರಕಾಡಿನ ಭುಜಂಗ ಪಾರ್ಕಿಗೆ ಹೋಗಬಲ್ಲವರು ಪುಣ್ಯವಂತರು. ಉಳಿದವರು? ಮಂಗಳೂರಿನ ಎಷ್ಟೋ ರಸ್ತೆಗಳಲ್ಲಿ ಫುಟ್‌ಪಾತ್ ಇಲ್ಲ, ಇದ್ದರೆ ಅದರ ಮೇಲೆ ಸ್ಕೂಟರ್. ಹಿಂದಿನಿಂದ ಟೈಮಿಂಗಿಗೆ ಓಡುವ ಸಿಟಿ ಬಸ್. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆ. ಬೀಡಿ ಕಟ್ಟುವ ಅಮ್ಮಂದಿರ ವಿಷಯ ಇನ್ನೂ ಬೇರೆ. ಮಡಿಲಲ್ಲಿ ಸೂಪು (ಬೀಡಿ ಕಟ್ಟುವ ಮೊರ) ಇಟ್ಟುಕೊಂಡು ಬೆಳಿಗ್ಗೆಯಿಂದ ಬಗ್ಗಿ ಕೂತು, ಹೊಗೆಸೊಪ್ಪಿನ ಧೂಳು ಕುಡಿಯುತ್ತಾ, ಎಷ್ಟು ಕಟ್ಟಿದರೋ ಅಷ್ಟೇ ಮಜೂರಿ ಅಂತ ಇರುವವರಿಗೆ ‘ದಿನಾ ಒಂದು ಗಂಟೆ ವಾಕಿಂಗ್ ಹೋಗಿ’ ಅಂದರೆ ಅವರು ನಮ್ಮ ಮುಖ ನೋಡಿ ನಗದೆ ಇನ್ನೇನು ಮಾಡಬೇಕು? ಅವರಿಗೆ ಹೇಳಬೇಕಾದದ್ದು ಬೇರೆ. ಒಂದು ಕಟ್ಟು ಮುಗಿದ ಕೂಡಲೇ ಎದ್ದು ನಿಲ್ಲಿ, ಊಟ ಆದ ಮೇಲೆ ಜಗಲಿಯಲ್ಲೇ 10 ನಿಮಿಷ ಆಚೀಚೆ ನಡೆಯಿರಿ, ಮೂರು ಹೊತ್ತೂ. ವಾರಕ್ಕೆ ಇಷ್ಟಾದರೂ ಮೈ ಆಡಿಸಬೇಕು ಅಂತ ನಾವು ಹೇಳುವ 150 ನಿಮಿಷದ ಲೆಕ್ಕ ಅಲ್ಲಿಯೇ ದಾಟುತ್ತದೆ. ನಡೆಯುವಾಗ ಮಾತಾಡಲು ಆಗಬೇಕು, ಭಜನೆ ಹಾಡಲು ಆಗಬಾರದು, ವೇಗ ಅಷ್ಟಿದ್ದರೆ ಸರಿ. ಇದನ್ನು ಹೇಳಲು ಅವರ ದಿನ ಹೇಗೆ ಹೋಗುತ್ತದೆ ಅಂತ ಮೊದಲು ಕೇಳಬೇಕು. ಕೇಳಲು ಹೊತ್ತು ಬೇಕು. ತಾಲ್ಲೂಕು ಆಸ್ಪತ್ರೆಯ ಎನ್‌ಸಿಡಿ (ಬಿಪಿ, ಶುಗರ್‌ನಂಥ ಸಾಂಕ್ರಾಮಿಕವಲ್ಲದ ಕಾಯಿಲೆಗಳ) ಕ್ಲಿನಿಕ್‌ನಲ್ಲಿ ಇಂಟರ್ನ್ ಆಗಿದ್ದಾಗ ಬೆಳಿಗ್ಗೆ ಕ್ಯೂ ಗೇಟಿನವರೆಗೆ ಇರುತ್ತಿತ್ತು. ಬಿಪಿ ನೋಡು, ಶುಗರ್ ನೋಡು, ಒಂದು ತಿಂಗಳ ಮಾತ್ರೆ ಬರೆ, ಮುಂದಿನವರು ಬನ್ನಿ. ಅಲ್ಲಿ ಯಾರನ್ನು ದೂರುವುದು?

ದುಡ್ಡಿನ ಮಾತಿಗೆ ಬರೋಣ. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ. ಬಹಳ ಒಳ್ಳೆಯ ಯೋಜನೆ, ಅದರಿಂದ ಜೀವ ಉಳಿದವರನ್ನು ನಾನೇ ನೋಡಿದ್ದೇನೆ. ಆದರೆ ಅದು ಹೆಚ್ಚಾಗಿ ಅಡ್ಮಿಟ್ ಆದ ಮೇಲಿನ ಲೆಕ್ಕ. ಹೃದಯಕ್ಕೆ ಸ್ಟೆಂಟ್ ಹಾಕಿದರೆ ಸರ್ಕಾರ ಕೊಡುತ್ತದೆ. ಸ್ಟೆಂಟ್ ಬೇಡವಾಗುವಂತೆ ಬೀಡಿ ಬಿಡಿಸಲು 20 ನಿಮಿಷ ಕೂತರೆ ಕೊಡುವುದಿಲ್ಲ. ಖಾಸಗಿಯಲ್ಲೂ ಇದೇ ಕತೆ. ನಾನು ಒಮ್ಮೆ ವಾರಕ್ಕೊಂದು ಸಂಜೆ ಇಂಥ ಕ್ಲಿನಿಕ್ ಮಾಡಲೇ ಅಂತ ಕೇಳಿದೆ. ‘ಟೆಸ್ಟ್ ಎಷ್ಟು ಬರುತ್ತದೆ ಅದರಿಂದ?’ ಅಂತ ಮರುಪ್ರಶ್ನೆ ಬಂತು. ಪ್ರಾಮಾಣಿಕ ಪ್ರಶ್ನೆಯೇ, ಕಟ್ಟಡಕ್ಕೆ ಕರೆಂಟ್ ಬಿಲ್ ಇರುತ್ತದಲ್ಲ.

ಹಾಗಾದರೆ ನನ್ನಂಥವರ ದಾರಿ ಯಾವುದು? ಈ ಪ್ರಶ್ನೆಯನ್ನು ನನ್ನ ಜೂನಿಯರ್‌ಗಳೂ ಕೇಳುತ್ತಾರೆ. ನನ್ನ ಅಭಿಪ್ರಾಯ ಇಷ್ಟು: ಎಂಬಿಬಿಎಸ್ ಮೇಲೆ ಒಂದು ಆನ್‌ಲೈನ್ ಸರ್ಟಿಫಿಕೇಟ್ ಅಂಟಿಸಿಕೊಂಡು ‘ಲೈಫ್‌ಸ್ಟೈಲ್ ತಜ್ಞೆ’ ಅಂತ ಬೋರ್ಡ್ ಹಾಕುವುದು ಸರಿಯಲ್ಲ. ಕಾಯಿಲೆ ಗೊತ್ತಿಲ್ಲದೆ ಬರೀ ಜೀವನಶೈಲಿ ಹೇಳುವವರು ಈಗಲೇ ಊರು ತುಂಬ ಇದ್ದಾರೆ. ನಾನು ಫ್ಯಾಮಿಲಿ ಮೆಡಿಸಿನ್‌ನಲ್ಲಿ ಡಿಎನ್‌ಬಿ (ಎಂಡಿಯಂಥದ್ದೇ ಸ್ನಾತಕೋತ್ತರ ಪದವಿ) ಮಾಡುವ ಯೋಚನೆಯಲ್ಲಿದ್ದೇನೆ, ಮೂರು ವರ್ಷ, ಎಲ್ಲ ವಯಸ್ಸಿನವರನ್ನೂ ನೋಡಬಹುದು. ಅದರ ಜೊತೆಗೆ ಲೈಫ್‌ಸ್ಟೈಲ್ ಮೆಡಿಸಿನ್ ಪರೀಕ್ಷೆ. ಮೊದಲು ಇಡೀ ಮನೆಯ ಡಾಕ್ಟರ್ ಆಗಬೇಕು, ಆಮೇಲೆ ಆ ಮನೆಯ ಅಡುಗೆಮನೆಗೆ ಇಣುಕುವ ಅಧಿಕಾರ ಬರುತ್ತದೆ. (ನಮ್ಮ ನಿದ್ರೆಯ ಬಗ್ಗೆ ಮಾತ್ರ ಕೇಳಬೇಡಿ. ರಾತ್ರಿ ಡ್ಯೂಟಿ ಮುಗಿಸಿ, ಕಣ್ಣು ಕೆಂಪು ಮಾಡಿಕೊಂಡು, ಕ್ಯಾಂಟೀನಿನ ಎರಡನೇ ಚಾ ಹಿಡಿದು ರೋಗಿಗೆ ‘7 ಗಂಟೆ ಮಲಗಬೇಕು’ ಅನ್ನುವಾಗ ನನಗೇ ನಗು ಬರುತ್ತದೆ.)

ದಕ್ಷಿಣ ಕನ್ನಡ ಮತ್ತು ಉಡುಪಿ ಜಿಲ್ಲೆಯ ಆರೋಗ್ಯ ಅಧಿಕಾರಿಗಳಿಗೆ ನಿಮ್ಮ ಪತ್ರಿಕೆಯ ಮೂಲಕ ನನ್ನ ಕೋರಿಕೆ ದೊಡ್ಡದೇನಲ್ಲ. ಹೊಸ ಕಟ್ಟಡ ಬೇಡ, ಮೆಷಿನ್ ಬೇಡ. ಬಂಟ್ವಾಳ, ಪುತ್ತೂರು, ಕಾರ್ಕಳ, ಕುಂದಾಪುರ, ಎಲ್ಲಾದರೂ ಒಂದು ತಾಲ್ಲೂಕು ಆಸ್ಪತ್ರೆಯಿಂದ ಶುರು ಮಾಡಿ. ಮಧ್ಯಾಹ್ನ ಒಪಿಡಿ ಹಾಲ್ ಖಾಲಿಯೇ ಇರುತ್ತದೆ. ವಾರದಲ್ಲಿ ಒಂದು ಮಧ್ಯಾಹ್ನ ಅಲ್ಲಿ ಹತ್ತು ಹನ್ನೆರಡು ರೋಗಿಗಳನ್ನು, ಅಡುಗೆ ಮಾಡುವವರ ಸಮೇತ, ಒಟ್ಟಿಗೆ ಕೂರಿಸಿ. ಒಬ್ಬ ಕಿರಿಯ ಡಾಕ್ಟರ್, ಒಬ್ಬ ಡಯಟೀಶಿಯನ್, ಸಾಧ್ಯವಾದರೆ ಫಿಸಿಯೋಥೆರಪಿಸ್ಟ್. ಅದೇ ಗುಂಪು ಮೂರು ತಿಂಗಳು ಬರಲಿ, ಯಾಕೆಂದರೆ ಎಚ್‌ಬಿಎ1ಸಿ ಎಂಬ ರಕ್ತದ ಟೆಸ್ಟ್ ತೋರಿಸುವುದೇ ಹಿಂದಿನ ಎರಡು ಮೂರು ತಿಂಗಳ ಶುಗರ್‌ನ ಸರಾಸರಿ. ಒಬ್ಬರು ಒಣಮೀನು ಬಿಟ್ಟ ಕತೆಯನ್ನು ಇನ್ನೊಬ್ಬರು ನನ್ನ ಮಾತಿಗಿಂತ ಜಾಸ್ತಿ ನಂಬುತ್ತಾರೆ. ಬಾರದವರಿಗೆ ಆಶಾ ಕಾರ್ಯಕರ್ತೆಯರಿಂದ ಫೋನ್ ಹೋಗಲಿ, ಅದಕ್ಕೆ ಅವರಿಗೆ ಬೇರೆಯೇ ಗೌರವಧನ ಕೊಡಿ, ಈಗಿರುವ ಹೊರೆಯ ಮೇಲೆ ಇನ್ನೊಂದು ಹೊರೆ ಬೇಡ. ಮತ್ತು ಆ ಮಧ್ಯಾಹ್ನವನ್ನು ಡಾಕ್ಟರರ ಕೆಲಸದ ಲೆಕ್ಕಕ್ಕೆ ಹಿಡಿಯಿರಿ, ಸಮಾಜಸೇವೆ ಅಂತ ಪಕ್ಕಕ್ಕಿಡಬೇಡಿ. ಇಲ್ಲಿನ ಮೆಡಿಕಲ್ ಕಾಲೇಜುಗಳು ಇಂಟರ್ನ್‌ಗಳನ್ನು ಸರದಿಯಲ್ಲಿ ಕಳಿಸಿದರೆ ಅವರಿಗೂ ಪಾಠ.

ಶುರು ಮಾಡುವುದಾದರೆ ಮಳೆಗಾಲದಲ್ಲೇ ಮಾಡಿ. ಬೋಟುಗಳು ದಡದಲ್ಲಿರುತ್ತವೆ, ಗಂಡಸರು ಮನೆಯಲ್ಲಿ ಸಿಗುತ್ತಾರೆ, ಉಳಿದ ಹತ್ತು ತಿಂಗಳು ಅವರ ಬಿಪಿ ನೋಡುವುದೇ ಕಷ್ಟ. ಸರ್ಕಾರದಿಂದ ಆದೇಶ ಬರಲು ತಡವಾದರೆ, ಮಲ್ಪೆಯಿಂದ ಉಳ್ಳಾಲದವರೆಗೆ ಯಾವುದಾದರೂ ಭಜನಾ ಮಂದಿರ, ಯುವಕ ಮಂಡಲ, ಮಸೀದಿ, ಚರ್ಚಿನವರು ಭಾನುವಾರ ಬೆಳಿಗ್ಗೆ ಎರಡು ಗಂಟೆ ಹಾಲ್ ಕೊಟ್ಟರೂ ಆದೀತು. ಬಿಪಿ ಮೆಷಿನ್, ತೂಕದ ಮೆಷಿನ್ ನಾವು ಒಂದಿಬ್ಬರು ಸೇರಿ ತರುತ್ತೇವೆ. ಬರುವವರು ಮನೆಯಲ್ಲಿರುವ ಮಾತ್ರೆಗಳನ್ನೆಲ್ಲ ಒಂದು ಚೀಲದಲ್ಲಿ ಹಾಕಿಕೊಂಡು ಬನ್ನಿ, ಹಿಂದಿನ ದಿನ ಏನು ಊಟ ಮಾಡಿದಿರಿ ಅಂತ ಮುಚ್ಚಿಡದೆ ಹೇಳಿ, ಉಪ್ಪಿನಕಾಯಿ ಸಮೇತ.

ಇತಿ,
ಒಬ್ಬ ಕಿರಿಯ ವೈದ್ಯೆ
ಮಂಗಳೂರು